ಯಾರೂ ಎದುರಾಡಬಾರದ ಹೃದಯ

ಸ್ಟೆಂಟ್ ಹಾಕಿದ್ದು ನನ್ನ ಅಣ್ಣನ ಹೃದಯದ ರಕ್ತನಾಳಕ್ಕೆ. ಅದರ ಪರಿಣಾಮವನ್ನು ಮೈಮೇಲೆ ಹೊತ್ತವರು ನನ್ನ ಅತ್ತಿಗೆ. ಅವರ ಎಡಗಿವಿ ಈಗ ಕೇಳಿಸುವುದಿಲ್ಲ. ಬಲಗೈಯ ಕಿರುಬೆರಳು ಮಡಚುವುದಿಲ್ಲ. ಮೇಲಿನ ಸಾಲಿನ ಎರಡು ಹಲ್ಲುಗಳಿಲ್ಲ. ಅಣ್ಣನ ಆಸ್ಪತ್ರೆಯ ಕಡತದಲ್ಲಿ ಇವು ಯಾವುವೂ ದಾಖಲಾಗಿಲ್ಲ. ಆ ಕಡತದ ಪ್ರಕಾರ ಮೊದಲ ಚಿಕಿತ್ಸೆ ಯಶಸ್ವಿಯಾಗಿತ್ತು.

ನಾನು ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಬಹಳ ವರ್ಷಗಳಿಂದ ಮಹಿಳಾ ಸಂಘಟನೆಯಲ್ಲಿದ್ದೇನೆ. ತುರುವೇಕೆರೆಯ ಕಡೆ, ಹಂದನಕೆರೆಯ ಕಡೆ ಎಷ್ಟೋ ಊರುಗಳ ಜಗುಲಿಗಳ ಮೇಲೆ ಹೆಂಗಸರನ್ನು ಕೂರಿಸಿಕೊಂಡು, ಗಂಡ ಕೈ ಎತ್ತಿದ ಮೊದಲ ದಿನವೇ ಬಾಯಿ ಬಿಡಬೇಕು ಎಂದು ಹೇಳಿಕೊಟ್ಟಿದ್ದೇನೆ. ನನ್ನ ತವರಿನ ಅಂಗಳದಲ್ಲಿ ನಾನೇ ಬಾಯಿ ಬಿಡಲಿಲ್ಲ. ಆದ್ದರಿಂದ ಇಲ್ಲಿ ತಪ್ಪುಗಳನ್ನು ಹೇಳುವಾಗ ನನ್ನ ತಪ್ಪನ್ನೂ ಅದು ನಡೆದ ಜಾಗದಲ್ಲಿಯೇ ಇಟ್ಟು ಹೇಳುತ್ತೇನೆ.

ಕೋವಿಡ್ ಕಳೆದು ಎರಡನೆಯ ವರ್ಷ. ಅಣ್ಣನಿಗೆ ನಲವತ್ತೆಂಟು. ನೊಣವಿನಕೆರೆಯ ಹತ್ತಿರದ ನಮ್ಮ ಊರಿನ ತೆಂಗಿನ ತೋಟದಲ್ಲಿ ಒಂದು ಬೆಳಿಗ್ಗೆ, ಬಿದ್ದ ಗರಿಗಳನ್ನು ಎಳೆದು ಒಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದು ಕೂತ. ನಮ್ಮ ಚಿಕ್ಕಪ್ಪ ಪಕ್ಕದ ತೋಟದಿಂದ ಬಂದು ನೋಡಿ, ಗ್ಯಾಸು ತುಂಬಿಕೊಂಡಿದೆ ಎಂದು ತೀರ್ಮಾನಿಸಿ ಸೋಡಾ ಕುಡಿಸಿದರು, ಬೆನ್ನಿಗೆ ಗುದ್ದಿಸಿದರು. ಎರಡು ಗಂಟೆ ಹೀಗೆ ಕಳೆಯಿತು. ಆ ಎರಡು ಗಂಟೆಯಲ್ಲಿ ಹೃದಯದ ಸ್ನಾಯು ಎಷ್ಟು ಸತ್ತಿತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರೂ ನಮಗೆ ಕಲಿಸಿರಲೂ ಇಲ್ಲ. ಅತ್ತಿಗೆಯೇ ಕೊನೆಗೆ ಹಟ ಹಿಡಿದು ತಿಪಟೂರಿಗೆ ಕರೆತಂದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ. ಅಂದೇ ಮಧ್ಯಾಹ್ನ ಎರಡು ಸ್ಟೆಂಟ್ ಹಾಕಿದರು. ಅಣ್ಣ ಉಳಿದ. ಉಳಿಸಿದವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ.

ತಪ್ಪು ನಡೆದದ್ದು ಮನೆಗೆ ಕಳಿಸುವ ದಿನ. ಚಿಕ್ಕ ವಯಸ್ಸಿನ ವೈದ್ಯರೊಬ್ಬರು ಹಾಸಿಗೆಯ ಬಳಿ ನಿಂತು ಇಂಗ್ಲಿಷಿನ ಹಾಳೆಗಳಿದ್ದ ಕಡತವನ್ನು ನನ್ನ ಕೈಗಿತ್ತರು. ಕನ್ನಡದಲ್ಲಿ ಎರಡೇ ಮಾತು ಹೇಳಿದರು: ಮಾತ್ರೆ ಬಿಡಬಾರದು, ಟೆನ್ಷನ್ ಕೊಡಬಾರದು. ಯಾವ ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಹೇಳಲಿಲ್ಲ. ಈ ಮನುಷ್ಯ ಮನೆಗೆ ಹೋಗಿ ಕೈಯಲ್ಲಿ ಯಾವ ಆಯುಧ ಹಿಡಿದು ದುಡಿಯುತ್ತಾನೆ ಎಂದು ಕೇಳಲಿಲ್ಲ. ಹೃದಯಾಘಾತವಾದವರ ಮನಸ್ಸು ತಿಂಗಳುಗಟ್ಟಲೆ ಕುಸಿಯಬಹುದು, ಸಿಟ್ಟು ಕೆರಳಬಹುದು, ಅದಕ್ಕೂ ಚಿಕಿತ್ಸೆ ಇದೆ ಎಂದೂ ಹೇಳಲಿಲ್ಲ. ಅವರು ಮಾತಾಡಿದ ಅಷ್ಟೂ ಹೊತ್ತು ಅತ್ತಿಗೆ ಅಣ್ಣನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ ಹಿಂದೆ ನಿಂತಿದ್ದರು. ಅವರತ್ತ ವೈದ್ಯರ ಕಣ್ಣು ಒಮ್ಮೆಯೂ ಹೋಗಲಿಲ್ಲ.

ಹೊರಗೆ ಗಾಲಿಕುರ್ಚಿ ತಳ್ಳುತ್ತಿದ್ದ ಸಹಾಯಕ ಚಿಕ್ಕಪ್ಪನಿಗೆ ತನಗೆ ತಿಳಿದಷ್ಟು ವಿವರಿಸಿದ. ಒಳಗೆ ಹಾಕಿರುವುದು ಪೆನ್ನಿನಲ್ಲಿರುವಂಥ ಸಣ್ಣ ಸ್ಪ್ರಿಂಗು, ಜೋಪಾನ ಮಾಡಬೇಕು. ಊರು ತಲುಪುವ ಹೊತ್ತಿಗೆ ವೈದ್ಯರ ಎರಡು ಮಾತೂ ಸಹಾಯಕನ ಒಂದು ಮಾತೂ ಬೆರೆತು ಹೊಸದೊಂದು ಕಾನೂನಾಗಿತ್ತು. ಅಂಗಳದಲ್ಲಿ ಸೇರಿದ್ದ ನೆಂಟರಿಗೆಲ್ಲ ಚಿಕ್ಕಪ್ಪ ಅದನ್ನು ಸಾರಿದರು.

“ಎದೆಗೆ ಸ್ಪ್ರಿಂಗ್ ಹಾಕವ್ರೆ. ಸಿಟ್ಟು ಬಂದ್ರೆ ಜಾರ್ತದೆ. ಯಾರೂ ಎದುರಾಡ್ಬ್ಯಾಡಿ.” ಆಮೇಲೆ ಅತ್ತಿಗೆಯ ಕಡೆ ತಿರುಗಿ, “ನಿಂಗೇ ಹೇಳಾದು ಕಣವ್ವ, ನೀನೇ ಬಾಯಿ ಬಿಗಿ ಹಿಡೀಬೇಕು” ಎಂದರು.

ಸ್ಟೆಂಟ್ ಸಿಟ್ಟಿಗೆ ಜಾರುವ ವಸ್ತುವಲ್ಲ. ಅದು ರಕ್ತನಾಳದ ಗೋಡೆಗೆ ಒತ್ತಿ ಕೂತ ಲೋಹದ ಜಾಲರಿ. ಕಾಲಕ್ರಮದಲ್ಲಿ ಅದರ ಮೇಲೆ ಮೈಯದೇ ಒಳಪದರ ಬೆಳೆಯುತ್ತದೆ. ಆ ಪದರ ಬೆಳೆಯುವವರೆಗೆ ಬರಿಯ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಆ ಮಾತ್ರೆಗಳ ಕೆಲಸ. ಇದನ್ನು ಹೇಳಲು ನನಗೀಗ ಹಿಡಿದದ್ದು ನಾಲ್ಕು ವಾಕ್ಯ. ಅಂದು ಇದನ್ನು ಹೇಳಬೇಕಾದವರು ಹೇಳಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಮುಂದೆ ನಡೆದದ್ದು ನಡೆಯಲು ಅಷ್ಟು ಸುಲಭವಾಗುತ್ತಿರಲಿಲ್ಲ.

ಅಣ್ಣ ಮೊದಲಿನಿಂದಲೂ ಸಿಡುಕ. ಆದರೆ ಕೈ ಮಾಡಿದವನಲ್ಲ. ಮನೆಗೆ ಬಂದ ಮೇಲೆ ದಿನವಿಡೀ ಮಂಚದ ಮೇಲೆ ಮಲಗಿ ಎಡ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡಿರುತ್ತಿದ್ದ. ಒಂದು ಬಡಿತ ತಪ್ಪಿದಂತೆ ಅನ್ನಿಸಿದರೆ ಬೆವರುತ್ತಿದ್ದ. ಸಾವು ಮತ್ತೆ ಬರುತ್ತದೆಂಬ ಆ ಭಯವನ್ನು ಗಂಡಸಾಗಿ ಹೇಳಿಕೊಳ್ಳಲು ಅವನಿಗೆ ಭಾಷೆಯಿರಲಿಲ್ಲ. ಮೂರನೆಯ ವಾರ, ಉಪ್ಪಿಲ್ಲದ ಸಾರು ಎಂದು ಮುದ್ದೆಯ ತಟ್ಟೆಯನ್ನು ಅತ್ತಿಗೆಯ ಮುಖಕ್ಕೆ ಎಸೆದ. ತಟ್ಟೆಯ ಅಂಚು ತುಟಿ ಸೀಳಿ ಹಲ್ಲುಗಳನ್ನು ಅಲುಗಾಡಿಸಿತು. ಅವು ಮುಂದೆ ಉದುರಿದವು. ಬಿಸಿ ಸಾರು ಕತ್ತಿನ ಮೇಲೆ ಇಳಿಯಿತು. ಅವ್ವ ಓಡಿಬಂದು ಮಗನ ಎದೆ ನೀವಿದರು. ಅತ್ತಿಗೆ ತಮ್ಮ ತುಟಿಗೆ ತಾವೇ ಅರಿಶಿನ ಒತ್ತಿಕೊಂಡರು.

ಮುಂದಿನ ಭಾನುವಾರ ಊರಿಗೆ ಹೋದಾಗ ಆ ತುಟಿಯನ್ನು ನೋಡಿದೆ. ಕೇಳಿದೆ, ಹೇಳಿದರು. ಅಣ್ಣನ ಬಳಿ ಹೋಗಿ ಮಾತಾಡಲು ಎದ್ದವಳು ಹೊಸ್ತಿಲಲ್ಲಿ ನಿಂತೆ. ಜೀವಶಾಸ್ತ್ರ ಪಾಠ ಮಾಡುವ ನಾನೂ ಆ ಕ್ಷಣ ಜಾರುವ ಸ್ಪ್ರಿಂಗನ್ನೇ ಕಂಡೆ. ಹಿಂದಿರುಗಿ ಬಂದು, ಆರು ತಿಂಗಳು ತಾಳಿಕೊಳ್ಳಿ ಅತ್ತಿಗೆ, ಹೃದಯ ಗಟ್ಟಿಯಾಗಲಿ, ಆಮೇಲೆ ನಾನೇ ಮಾತಾಡುತ್ತೇನೆ ಎಂದೆ. ಹೊಡೆಸಿಕೊಂಡವಳಿಗೆ ವಾಯಿದೆ ಕೊಡುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಇದು ನನ್ನ ಮೊದಲ ತಪ್ಪು.

ಏಳನೆಯ ತಿಂಗಳಿಗೆ ಕೊಬ್ಬರಿ ಒಡೆಯುವ ಕಾಲ ಬಂತು.

ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನಿಂದ ಕರಟವನ್ನು ಸುತ್ತಲೂ ತಟ್ಟಿ ಬಿರಿಸಿ, ಕೊಬ್ಬರಿಗೆ ಒಂದು ಗೀರೂ ಬೀಳದಂತೆ ಹೊರತೆಗೆಯಬೇಕು. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಈ ಕೆಲಸದಲ್ಲಿ ಅಣ್ಣನ ಕೈ ಸುತ್ತಲಿನ ಊರುಗಳಿಗೆಲ್ಲ ಗೊತ್ತಿತ್ತು. ಅವನು ಕರಟಕ್ಕೆ ಹಾಕುವ ಏಟಿನ ಸದ್ದು ಕೇಳಿಯೇ ಉಳಿದವರು ತಮ್ಮ ಏಟು ತಿದ್ದಿಕೊಳ್ಳುತ್ತಿದ್ದರು.

ಉಂಡೆ ಕೊಬ್ಬರಿ ಮದುವಣಗಿತ್ತಿಯ ಮಡಿಲಿಗೆ ಹೋಗುತ್ತದೆ, ದೇವರ ಮುಂದೆ ಹೋಗುತ್ತದೆ. ಹಾಗಾಗಿ ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಿದೆ. ಒಡೆಯುವಾಗ ಯಾರದಾದರೂ ರಕ್ತ ಕೊಬ್ಬರಿಗೆ ತಾಕಿದರೆ ಆತ ಮಚ್ಚು ಕೆಳಗಿಟ್ಟು ಏಳಬೇಕು. ಆ ದಿನ ಮತ್ತೆ ರಾಶಿಯ ಬಳಿ ಬರುವಂತಿಲ್ಲ. ಮಚ್ಚಿನ ಕೆಲಸದಲ್ಲಿ ಬೆರಳಿಗೆ ಗೀರು ಬೀಳುವುದು ಸಾಮಾನ್ಯ. ಒಂದು ಚಿಟಿಕೆ ಅರಿಶಿನ ಒತ್ತಿ ಹಿಡಿದರೆ ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು, ಕೆಲಸ ಸಾಗುತ್ತಿತ್ತು.

ಆ ವರ್ಷ ಮೊದಲ ದಿನವೇ ಅಣ್ಣನ ಹೆಬ್ಬೆರಳಿನ ಬುಡವನ್ನು ಕರಟದ ಚೂರು ಕೊಯ್ದಿತು. ಅಂಥ ಗೀರು ಅವನಿಗೆ ಸಾವಿರ ಸಲ ಆಗಿದ್ದಿರಬಹುದು. ಆದರೆ ಈಗ ರಕ್ತ ನಿಲ್ಲಲಿಲ್ಲ. ಅರಿಶಿನ ತೊಳೆದುಕೊಂಡು ಹೋಯಿತು, ಸುತ್ತಿದ ಬಟ್ಟೆ ತೊಯ್ದಿತು, ಮಣಿಕಟ್ಟಿನಿಂದ ಮೊಳಕೈಗೆ ಇಳಿದು ಮಡಿಲಲ್ಲಿದ್ದ ನಾಲ್ಕೈದು ಉಂಡೆಗಳ ಮೇಲೆ ತೊಟ್ಟಿಕ್ಕಿತು. ಒಡೆಯಲು ಬಂದಿದ್ದವರು ಕೈ ನಿಲ್ಲಿಸಿ ನೋಡಿದರು. ಅವರಲ್ಲೊಬ್ಬ, ಅಣ್ಣನ ಜೊತೆಗೇ ಬೆಳೆದವನು, ತಮಾಷೆ ತೆಗೆದ.

“ಏನ್ಲಾ ಇದು, ನೀನೂ ಮುಟ್ಟಾದ್ಯಾ? ಮೂರು ದಿನ ಹೊರ್ಗೆ ಕೂತ್ಕೊಳಪ್ಪ, ಮುದ್ದೆ ಅಲ್ಲಿಗೇ ಕಳುಸ್ತೀವಿ.”

ಎಲ್ಲರೂ ನಕ್ಕರು. ಹೆಂಗಸಿನ ಮೈಯ ರಕ್ತವನ್ನು ಹೀಗೆ ಬೈಗುಳವಾಗಿ ಬಳಸುವ ನಗೆ ನಿರುಪದ್ರವಿಯಲ್ಲ. ಅದು ಅರ್ಧ ಗಂಟೆಯ ಬಳಿಕ ಅತ್ತಿಗೆಯ ಮೈಮೇಲೆ ಹೋಗಿ ಬಿತ್ತು; ನಾನು ಅಲ್ಲಿರಲಿಲ್ಲ, ಆಮೇಲೆ ಕೇಳಿ ತಿಳಿದೆ. ಮಧ್ಯಾಹ್ನದ ಮಾತ್ರೆ, ನೀರು ಹಿಡಿದು ಬಂದ ಅವರ ಜುಟ್ಟನ್ನು ಅಣ್ಣ ಹಿಡಿದು ಸಿಪ್ಪೆಯ ರಾಶಿಯವರೆಗೆ ಎಳೆದುಕೊಂಡು ಹೋಗಿ, ಬೆನ್ನಿಗೂ ಪಕ್ಕೆಗೂ ಒದ್ದನಂತೆ. ಈ ಮಾತ್ರೆಯೇ ತನ್ನ ಗಂಡಸುತನ ಕಳೆಯಿತು ಎಂದನಂತೆ. ಮಾತ್ರೆಗೂ ಅವರಿಗೂ ಇದ್ದ ಸಂಬಂಧ ಅದನ್ನು ತಂದುಕೊಟ್ಟದ್ದೊಂದೇ.

ಅಂದಿನಿಂದ ಅವನು ಮಾತ್ರೆ ನಿಲ್ಲಿಸಿದ. ಶಾಶ್ವತವಾಗಿ ಅಲ್ಲ, ಒಡೆಯುವ ಕೆಲಸ ಮುಗಿಯುವ ತನಕ ಮಾತ್ರ, ಎಂಬುದು ಅವನ ಲೆಕ್ಕ. ಅತ್ತಿಗೆಯ ಎದುರು ಬಾಯಿಗೆ ಹಾಕಿಕೊಂಡು, ಕೆನ್ನೆಯಲ್ಲಿ ಅಡಗಿಸಿ, ಹೊರಗೆ ಹೋಗಿ ಉಗಿಯುತ್ತಿದ್ದ. ಹತ್ತು ದಿನ ಕಳೆದ ಮೇಲೆ ಸಿಪ್ಪೆ ಗುಡಿಸುವಾಗ ಅತ್ತಿಗೆಗೆ ನಾರಿನ ಪುಡಿಯಲ್ಲಿ ನೆನೆದು ಒಣಗಿದ ಗುಲಾಬಿ ಬಣ್ಣದ ಮಾತ್ರೆಗಳು ಸಿಕ್ಕವು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ನೊಣವಿನಕೆರೆಗೆ ನಡೆದು ಬಂದು ಬಸ್ಸು ಹತ್ತಿ, ನನ್ನ ಶಾಲೆಗೆ ಬಂದರು. ಊಟದ ಬಿಡುವು. ಬೇವಿನ ಮರದ ಕಟ್ಟೆಯ ಮೇಲೆ ಗಂಟು ಬಿಚ್ಚಿದರು.

“ನುಂಗ್ತಾನೇ ಇಲ್ಲ ಕಣವ್ವ ನಿಮ್ಮಣ್ಣ. ಕೊಬ್ರಿ ಒಡ್ದು ಮುಗೀಲಿ ಅಂತಿರ್ಬೇಕು. ಅಲ್ಲಿಗಂಟ ಇರ್ತಾರೋ ಇಲ್ವೋ.”

ಅವರನ್ನು ಕರೆದುಕೊಂಡು ತಿಪಟೂರಿನ ವೈದ್ಯರೊಬ್ಬರ ಬಳಿ ಹೋದೆ. ಅವರು ಕಡತ ನೋಡಿ ಗಂಭೀರವಾದರು. ಮೊದಲ ವರ್ಷ ಈ ಮಾತ್ರೆಗಳನ್ನು ತಾನಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ನಾಳ ದಿಢೀರನೆ ಮುಚ್ಚಬಹುದು, ಅದು ಮೊದಲ ಆಘಾತಕ್ಕಿಂತ ಕೆಟ್ಟದ್ದು, ರಕ್ತ ಹೆಚ್ಚು ಹೋಗುತ್ತಿದ್ದರೆ ಸ್ಟೆಂಟ್ ಹಾಕಿದ ವೈದ್ಯರೇ ಮಾತ್ರೆ ಬದಲಿಸುವ ಬಗ್ಗೆ ನಿರ್ಧರಿಸಬೇಕು, ಕೂಡಲೇ ಕರೆದುಕೊಂಡು ಬನ್ನಿ ಎಂದರು. ಕಡತದ ಮೇಲಿದ್ದ ದೊಡ್ಡ ಆಸ್ಪತ್ರೆಯ ಸಂಖ್ಯೆಗೆ ಅಲ್ಲಿಂದಲೇ ಕರೆ ಮಾಡಿದೆ. ರೆಕಾರ್ಡ್ ಮಾಡಿದ ಧ್ವನಿಯೊಂದು ಒಂದು ಒತ್ತಿ, ಎರಡು ಒತ್ತಿ ಎಂದಿತು. ನಾಲ್ಕನೆಯ ಸಲಕ್ಕೆ ಸಿಕ್ಕ ಮನುಷ್ಯರು, ರೋಗಿಯನ್ನು ಕರೆತರುವುದಾದರೆ ಮುಂದಿನ ವಾರ ಸಮಯ ಕೊಡುತ್ತೇವೆ ಎಂದರು. ರೋಗಿ ಬರುವುದಿಲ್ಲ, ಬಾ ಎಂದವರನ್ನು ಹೊಡೆಯುತ್ತಾನೆ ಎಂದೆ. ಅದು ನಿಮ್ಮ ಮನೆಯ ವಿಷಯ ಮೇಡಂ ಎಂದರು.

ನಾನು ಅಂದೇ ಊರಿಗೆ ಹೋಗಿ ಅಣ್ಣನ ಎದುರು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದರ ಬದಲು ಬಸ್ ನಿಲ್ದಾಣದಲ್ಲಿ ಅತ್ತಿಗೆಗೆ ಒಂದು ಉಪಾಯ ಹೇಳಿದೆ: ಮಾತ್ರೆಯನ್ನು ಪುಡಿ ಮಾಡಿ ಚಟ್ನಿಗೆ ಬೆರೆಸಿಬಿಡಿ, ಖಾರದಲ್ಲಿ ಗೊತ್ತಾಗುವುದಿಲ್ಲ.

“ಗೊತ್ತಾದ್ರೆ?” ಎಂದರು.

“ಗೊತ್ತಾದ್ರೆ ನಾನೇ ಹೇಳಿದ್ದು ಅಂತ ಹೇಳ್ತೀನಿ ಅತ್ತಿಗೆ.”

ಈ ಮಾತಿನ ಬಲದ ಮೇಲೆ ಅವರು ಬಸ್ಸು ಹತ್ತಿದರು.

ನಮ್ಮ ಕಡೆ ಕೈಮದ್ದು ಎಂಬ ಭಯ ಇನ್ನೂ ಸತ್ತಿಲ್ಲ. ಹೆಂಗಸು ಗಂಡನನ್ನು ಹಿಡಿತಕ್ಕೆ ತಂದುಕೊಳ್ಳಲು ಊಟದಲ್ಲಿ ಏನನ್ನೋ ಕಲೆಸಿ ಕೊಡುತ್ತಾಳೆ, ಅದು ಹೊಟ್ಟೆಯಲ್ಲಿ ಕೂತು ಅವನನ್ನು ನಿಧಾನವಾಗಿ ತಿನ್ನುತ್ತದೆ ಎಂಬ ನಂಬಿಕೆ. ಅದನ್ನು ಕಾರಿಸುವವರು ಇಂದಿಗೂ ಇದ್ದಾರೆ. ಅವರ ಬಾಗಿಲಲ್ಲಿ ಸಾಲು ಇರುತ್ತದೆ. ಆ ನಂಬಿಕೆಯ ವಿರುದ್ಧ ಊರೂರಿನಲ್ಲಿ ಮಾತಾಡಿದ ನಾನು, ಅದೇ ನಂಬಿಕೆಯಿರುವ ಮನೆಯೊಳಗೆ ಒಬ್ಬ ಹೆಂಗಸಿಗೆ ಪುಡಿ ಬೆರೆಸಲು ಹೇಳಿ ಕಳಿಸಿದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ನಾಲ್ಕು ದಿನ ನಡೆಯಿತು. ಐದನೆಯ ದಿನ ಭಾನುವಾರ. ಒಡೆಯುವ ಕೆಲಸಕ್ಕೆ ಜನ ಬಂದಿದ್ದರು, ನಾನೂ ಹೋಗಿದ್ದೆ. ಬೆಳಗಿನ ರೊಟ್ಟಿಗೆ ಅಂಗಳದಲ್ಲೇ ಎಲ್ಲರೂ ಸಾಲಾಗಿ ಕೂತಿದ್ದರು. ಅಣ್ಣನಿಗೆ ಮಾತ್ರ ಬೇರೆ ಬಟ್ಟಲಲ್ಲಿ ಚಟ್ನಿ. ಪಕ್ಕದವನು ಅದರಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟು ಮುಖ ಕಿವುಚಿದ, ಇದೇನು ಕಹಿ ಎಂದ. ಅಣ್ಣ ನಾಲಿಗೆಯ ತುದಿಯಲ್ಲಿ ನೋಡಿದ. ಬಟ್ಟಲನ್ನು ಬಿಸಿಲಿಗೆ ಹಿಡಿದ. ಎದ್ದು ಅಡುಗೆಮನೆಗೆ ಹೋಗಿ ಚಿಕ್ಕ ಕುಟ್ಟಾಣಿಯನ್ನು ಹಿಡಿದು ಹೊರಗೆ ಬಂದ. ತಳದಲ್ಲಿ ಗುಲಾಬಿ ಪುಡಿ ಅಂಟಿತ್ತು.

“ಏನ್ ಹಾಕ್ತಿದ್ದೀಯ ನಂಗೆ?”

ಅತ್ತಿಗೆ ನನ್ನ ಕಡೆ ನೋಡಿದರು. ಹತ್ತು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಬಾಯಿ ತೆರೆದೆ, ಮಾತು ಬರಲಿಲ್ಲ. ಈಗ ಮಾತಾಡಿದರೆ ಅಣ್ಣ ಸಾಯುತ್ತಾನೆ ಎಂದು ನನ್ನ ಮೈ ನಂಬಿತ್ತು.

ಕುಟ್ಟಾಣಿ ಮೊದಲು ಅವರ ಭುಜಕ್ಕೆ ಬಿತ್ತು. ಆಮೇಲೆ ರಾಶಿಯ ಪಕ್ಕದಲ್ಲಿದ್ದ ಮಚ್ಚು ಅವನ ಕೈಗೆ ಬಂತು. ಅಲಗು ಮೇಲೆ, ಬೆನ್ನು ಕೆಳಗೆ. ಕರಟ ಬಿರಿಸುವ ಅದೇ ಹಿಡಿತ. ಮೊದಲ ಏಟನ್ನು ಅವರು ಬಲಗೈಯಲ್ಲಿ ತಡೆದರು. ಬೆರಳು ಮುರಿದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಎರಡನೆಯದು ಎಡಗಿವಿಯ ಮೇಲೆ. ಅವರು ಕರಟದ ಚೂರುಗಳ ಮೇಲೆ ಮಗುಚಿ ಬಿದ್ದರು. ಬಿದ್ದವರ ಪಕ್ಕೆಗೆ ಒದ್ದ, ಮತ್ತೆ ಒದ್ದ. ಕಿವಿಯಿಂದ ರಕ್ತ ಕತ್ತಿಗಿಳಿದು ರವಿಕೆ ತೋಯಿಸಿತು. ಪ್ರತಿ ಏಟಿಗೂ ಅವನು ಕೈಮದ್ದು ಎಂಬ ಒಂದೇ ಮಾತನ್ನು ಹೇಳುತ್ತಿದ್ದ.

ಅಂಗಳದಲ್ಲಿ ಏಳು ಜನ ಗಟ್ಟಿಮುಟ್ಟಾದ ಗಂಡಸರಿದ್ದರು. ಇಬ್ಬರು ಎದ್ದರು. ಚಿಕ್ಕಪ್ಪ ಕೈ ಅಡ್ಡ ಹಿಡಿದರು.

“ಯಾರೂ ಮುಟ್ಬ್ಯಾಡ್ರಪ್ಪ. ಎದೆ ಕೆಟ್ಟದೆ, ತಡುದ್ರೆ ಜೀವ ಹೋಯ್ತದೆ.”

ಒಂದು ಜೀವ ಕಣ್ಣೆದುರಿಗೇ ಹೋಗುತ್ತಿತ್ತು. ಅದು ಅವರ ಲೆಕ್ಕದಲ್ಲಿರಲಿಲ್ಲ. ಒಬ್ಬ ಗಂಡಸಿನ ರೋಗವನ್ನು ಅವನ ಹೆಂಡತಿಯನ್ನು ಕೊಲ್ಲುವ ಪರವಾನಗಿಯಾಗಿ ನಾವೆಲ್ಲ ಸೇರಿ ಬರೆದುಕೊಟ್ಟಿದ್ದೆವು. ಅದರ ಕೆಳಗೆ ನನ್ನ ಸಹಿಯೂ ಇತ್ತು.

ತಡೆದವರು ಒಬ್ಬರೇ. ಪಂಪಿನ ಮೋಟಾರು ರಿಪೇರಿಗೆ ತಿಪಟೂರಿನಿಂದ ಲಗೇಜು ಆಟೋದಲ್ಲಿ ಬಂದಿದ್ದ ಮುಸ್ಲಿಂ ಮೆಕ್ಯಾನಿಕ್, ಅಣ್ಣನಿಗಿಂತ ಹಿರಿಯರು. ತೋಟದ ಕಡೆಯಿಂದ ಬಂದವರು ಗ್ರೀಸಿನ ಕೈಯಲ್ಲೇ ಹಿಂದಿನಿಂದ ಅಣ್ಣನ ಮಣಿಕಟ್ಟು ಹಿಡಿದರು. ಅಣ್ಣನ ಎದೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅವರು ಮನುಷ್ಯರು ಮಾಡಬೇಕಾದ್ದನ್ನು ಮಾಡಿದರು.

“ಬುಡಪ್ಪ. ಸಾಯ್ತಾರೆ ಆಯಮ್ಮ.”

ಅಣ್ಣ ಅವರತ್ತ ತಿರುಗಿದ. ಮಚ್ಚು ಕೈಯಿಂದ ಜಾರಿತು. ಮುಖ ಬೂದಿಯಾಯಿತು, ಎದೆಯ ಮೇಲೆ ಕೈಯಿಟ್ಟುಕೊಳ್ಳುವ ಮೊದಲೇ ಮಂಡಿ ಮಡಚಿ ಕುಸಿದ. ಹತ್ತು ದಿನ ಮಾತ್ರೆ ಕಾಣದೆ, ಆಮೇಲೆ ನಾಲ್ಕು ದಿನ ಅರೆಬರೆ ಕಂಡ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತ್ತು ಎಂದು ಮರುದಿನ ತಿಳಿಯಿತು. ಅಂಗಳ ಆ ಕ್ಷಣ ಕಂಡದ್ದು ಬೇರೆ. ಚಿಕ್ಕಪ್ಪನ ಮಗ ಮುನ್ನುಗ್ಗಿ, ಈ ಸಾಬಿ ಕೈ ಹಿಡಿದದ್ದಕ್ಕೇ ಹೀಗಾಯಿತು ಎಂದು ಮೆಕ್ಯಾನಿಕ್ಕಿನ ಬಾಯಿಗೆ ಗುದ್ದಿದ. ಹೆಂಗಸಿನ ಪಾಲಿಗೆ ಏಳದಿದ್ದ ಗಂಡಸರೆಲ್ಲ ಈಗ ಎದ್ದರು. ಒಬ್ಬ ಸಿಪ್ಪೆ ಸುಲಿಯುವ ಕಬ್ಬಿಣ ಕಿತ್ತುಕೊಂಡ. ಆ ಹಿರಿಯರು ತುಟಿಯ ರಕ್ತವನ್ನು ತೋಳಿಗೆ ಒರೆಸಿಕೊಂಡು ಹೇಳಿದ ಮಾತು ನನಗೆ ಅಕ್ಷರ ಅಕ್ಷರವೂ ನೆನಪಿದೆ.

“ನನ್ನ ಆಮ್ಯಾಕೆ ಹೊಡೀರಿ. ಮೊದ್ಲು ಇವ್ರನ್ನ ಎತ್ತಿ, ಗಾಡಿ ಸ್ಟಾರ್ಟ್ ಮಾಡ್ತೀನಿ.”

ಅದೇ ಆಟೋದ ಹಿಂಬದಿಯಲ್ಲಿ, ಪೈಪು ತಂತಿಗಳ ನಡುವೆ ಅಣ್ಣನನ್ನು ಮಲಗಿಸಿದರು. ಅತ್ತಿಗೆಯನ್ನು ಯಾರೂ ಎತ್ತಲಿಲ್ಲ. ಅವರೇ ಎದ್ದು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹತ್ತಿಕೊಂಡರು. ತಿಪಟೂರಿನವರೆಗೆ ಅಣ್ಣನ ತಲೆ ಅವರ ತೊಡೆಯ ಮೇಲಿತ್ತು. ಅವರ ಕಿವಿಯ ರಕ್ತ ಅವನ ಹಣೆಯ ಮೇಲೆ ಬೀಳುತ್ತಿತ್ತು.

ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ಅಣ್ಣನ ಹೃದಯ ನಿಂತಿತು. ಒಬ್ಬ ಯುವಕ ಸ್ಟೂಲಿನ ಮೇಲೆ ನಿಂತು ಎರಡೂ ಅಂಗೈಗಳಿಂದ ಅವನ ಎದೆಯನ್ನು ಒತ್ತತೊಡಗಿದ. ನಾಲ್ಕನೆಯ ಒತ್ತಿಗೆ ಪಕ್ಕೆಲುಬು ಮುರಿದದ್ದು ಕೇಳಿಸಿತು, ಅವನು ನಿಲ್ಲಿಸಲಿಲ್ಲ. ವಿದ್ಯುತ್ತಿನ ಆಘಾತ ಕೊಟ್ಟರು. ಮೈ ಹಲಗೆಯ ಮೇಲಿಂದ ಎಗರಿ ಬಿತ್ತು. ಮತ್ತೆ ಕೊಟ್ಟರು. ಮೂರನೆಯದಕ್ಕೆ ಹೃದಯ ಹಿಂದಿರುಗಿತು. ಜಾರುತ್ತದೆಂದು ಏಳು ತಿಂಗಳು ಯಾರೂ ಜೋರು ಮಾತಾಡದ ಆ ಎದೆ, ಮುರಿಯುವಷ್ಟು ಗುದ್ದಿದಾಗ ಬದುಕಿತು.

ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಗೋಡೆಗೆ ಒರಗಿದ್ದರು. ಒಬ್ಬ ದಾದಿ ಅವರ ಕತ್ತಿನ ರಕ್ತ ನೋಡಿ ನಿಂತು, ವೈದ್ಯರನ್ನು ಕರೆದರು. ಏನಾಯಿತು ಎಂದು ವೈದ್ಯರು ಕೇಳುವ ಮೊದಲೇ ಚಿಕ್ಕಪ್ಪ, ಕಾಯಿ ಇಳಿಸುವಾಗ ಅಟ್ಟದಿಂದ ಬಿದ್ದಳು ಎಂದರು. ಅಷ್ಟಕ್ಕೇ ಬಿಡದೆ, ಗಂಡನಿಗೆ ಏನನ್ನೋ ತಿನ್ನಿಸಿದ್ದಾಳೆ, ಪೊಲೀಸರಿಗೆ ಹೇಳುತ್ತೇವೆ ಎಂದು ಸೇರಿಸಿದರು. ಅವ್ವ ಅಳುತ್ತ ಹೌದು ಎಂಬಂತೆ ತಲೆಯಾಡಿಸಿದರು. ಅತ್ತಿಗೆ ಈ ಬಾರಿ ನನ್ನ ಕಡೆ ನೋಡಲಿಲ್ಲ. ವೈದ್ಯರನ್ನೇ ನೋಡಿದರು.

“ಅಟ್ಟದಿಂದ ಬಿದ್ದೆ ಅಂತ ಬರ್ಕೋಬ್ಯಾಡಿ ಸಾರ್. ಮಚ್ಚಿನ ಹಿಂದ್ಲಲ್ಲಿ ಹೊಡುದ್ರು. ನಾನು ಹಾಕಿದ್ದು ನೀವೇ ಕೊಟ್ಟಿದ್ದ ಮಾತ್ರೆ.”

ಆಗ ನಾನು ಮಾತಾಡಿದೆ. ಪುಡಿ ಮಾಡಿ ಬೆರೆಸಲು ಹೇಳಿದವಳು ನಾನು, ಹೊಡೆಯುವಾಗ ನಿಂತು ನೋಡಿದವಳೂ ನಾನು ಎಂದೆ. ಎಲ್ಲವನ್ನೂ ಬರೆದುಕೊಳ್ಳಿ ಎಂದೆ. ವೈದ್ಯರು ಬರೆದುಕೊಂಡರು. ಅವ್ವ ಅಂದಿನಿಂದ ಒಂದು ವರ್ಷ ನನ್ನೊಂದಿಗೆ ಮಾತು ಬಿಟ್ಟರು. ನನ್ನ ಮಾತು ಒಂದು ಗಂಟೆ ತಡವಾಗಿ ಬಂದಿತ್ತು. ಆ ಗಂಟೆಯ ಬೆಲೆ ಒಂದು ಕಿವಿ.

ಅಣ್ಣನನ್ನು ಮತ್ತೆ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಹೆಪ್ಪು ತೆಗೆದು, ಇನ್ನೊಂದು ಸ್ಟೆಂಟ್ ಹಾಕಿದರು. ಬದುಕಿದ್ದಾನೆ. ಆದರೆ ಹೃದಯದ ದೊಡ್ಡ ಭಾಗ ಕೆಲಸ ಮಾಡುವುದಿಲ್ಲ. ತೋಟದ ಅಂಚಿನವರೆಗೆ ನಡೆದರೆ ಏದುಸಿರು. ಸಂಜೆಗೆ ಕಾಲು ಊದಿಕೊಳ್ಳುತ್ತದೆ. ಮಲಗಲು ಮೂರು ದಿಂಬು ಬೇಕು. ಎರಡು ಸಲ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ್ದ. ಕನ್ನಡದಲ್ಲಿ ನಾನೇ ಬರೆದು ಗೋಡೆಗೆ ಅಂಟಿಸಿದ ಪಟ್ಟಿ ನೋಡಿಕೊಂಡು ಮಾತ್ರೆಗಳನ್ನು ಈಗ ಅವನೇ ನುಂಗುತ್ತಾನೆ. ಮಚ್ಚು ಹಿಡಿಯುವುದಿಲ್ಲ. ಆ ದಿನ ತನಗೆ ಏನೂ ನೆನಪಿಲ್ಲ ಎನ್ನುತ್ತಾನೆ. ನಾನು ನಂಬುವುದಿಲ್ಲ, ಅವನೆದುರೇ ಹಾಗೆಂದು ಹೇಳಿದ್ದೇನೆ. ಹೇಳಿದಾಗ ಅವನು ಸಾಯಲಿಲ್ಲ. ತಲೆ ತಗ್ಗಿಸಿದ.

ಅತ್ತಿಗೆ ತಿಪಟೂರಿನಲ್ಲಿ ನನ್ನ ಮನೆಯಲ್ಲಿದ್ದಾರೆ. ಹೊಲಿಗೆ ಕಲಿಯುತ್ತಿದ್ದಾರೆ, ಕಿರುಬೆರಳು ಅಡ್ಡ ಬರುತ್ತದೆ. ಮೊಕದ್ದಮೆ ನಡೆಯುತ್ತಿದೆ. ರೋಗಿ ಗಂಡನನ್ನು ಬಿಟ್ಟು ಬಂದವಳು ಎಂದು ನೆಂಟರು ಆಡಿಕೊಳ್ಳುತ್ತಾರೆ. ಕಳೆದ ತಿಂಗಳು ಅಣ್ಣ ನನ್ನ ಬಳಿ, ಅವಳು ಬರುವುದಿಲ್ಲವೇ ಎಂದು ಕೇಳಿದ. ಬಂದು ಅವರಿಗೆ ತಿಳಿಸಿದೆ. ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡರು.

“ಬದುಕ್ಲಿ ಕಣವ್ವ. ಚೆನ್ನಾಗಿ ಬದುಕ್ಲಿ. ನಾನು ಆ ಅಂಗಳಕ್ಕೆ ಕಾಲಿಡಾಕಿಲ್ಲ.”

ಈ ಕಥೆ ನಮ್ಮ ಮನೆಯದೊಂದೇ ಎಂದು ನಾನು ನಂಬಿದ್ದೆ. ನಮ್ಮ ಸಭೆಗಳಲ್ಲಿ ಇದನ್ನು ಹೇಳತೊಡಗಿದ ಮೇಲೆ, ಚಿಕ್ಕನಾಯಕನಹಳ್ಳಿಯ ಕಡೆ ಒಬ್ಬರು, ತುರುವೇಕೆರೆಯ ಕಡೆ ಇಬ್ಬರು ಸಭೆ ಮುಗಿದ ಮೇಲೆ ಹಿಂದೆ ಉಳಿದು, ತಮ್ಮ ಗಂಡಂದಿರಿಗೂ ಸ್ಪ್ರಿಂಗು ಹಾಕಿದೆ ಎಂದಷ್ಟೇ ಹೇಳಿದರು. ಅವರ ತೋಳುಗಳನ್ನು ನಾನು ನೋಡಿದೆ.

ಆದ್ದರಿಂದ ಇದು ಬೇಡಿಕೆ. ನಮ್ಮ ಜನರ ಹೃದಯಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವ ಆಸ್ಪತ್ರೆಗಳ ಹೃದ್ರೋಗ ವಿಭಾಗದ ಮುಖ್ಯಸ್ಥರೇ, ಆ ಚಿಕಿತ್ಸೆಗೆ ಸರ್ಕಾರದ ಮಂಜೂರಾತಿ ನೀಡುವ ಅಧಿಕಾರಿಗಳೇ: ಬಿಡುಗಡೆಯ ದಿನ ರೋಗಿಗೆ ನಿಮ್ಮ ಕೈ ಏನು ಕೆಲಸ ಮಾಡುತ್ತದೆ ಎಂದು ಕೇಳಿ, ರಕ್ತ ನಿಲ್ಲದಿದ್ದರೆ ಯಾರಿಗೆ ಹೇಳಬೇಕೆಂದು ಕನ್ನಡದಲ್ಲಿ ಬರೆದುಕೊಡಿ. ಅವನ ಹೆಂಡತಿಯನ್ನು ಒಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಚ್ಚಿ, ಈತ ನಿಮ್ಮ ಮೇಲೆ ಕೈ ಮಾಡುತ್ತಾನೆಯೇ ಎಂದು ಕೇಳಿ; ಕೈ ಮಾಡಿದರೆ ತಡೆಯುವುದರಿಂದ ಸ್ಟೆಂಟಿಗೆ ಏನೂ ಆಗುವುದಿಲ್ಲವೆಂದು ಇಡೀ ಮನೆಯವರ ಎದುರು ಹೇಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗಾಗಿಯೇ ತಲಾ ಒಬ್ಬ ದಾದಿಯನ್ನು ನೇಮಿಸಿ. ಮೊದಲ ವರ್ಷ ತಿಂಗಳಿಗೊಮ್ಮೆ ಅವರು ಪ್ರತಿ ಮನೆಗೂ ಹೋಗಿ ಮಾತ್ರೆಯನ್ನೂ ಹೆಂಗಸರ ಮೈಯನ್ನೂ ನೋಡಿಬರಲಿ. ಬರುವ ಯುಗಾದಿಯೊಳಗೆ ಈ ಮೂರು ನೇಮಕಾತಿಗಳ ಆದೇಶಕ್ಕೆ ಸಹಿ ಹಾಕಿ.